ಚೀಲದಲ್ಲಿ ಹೊಲಿದು ಕಳಿಸಿದ ಮದುವೆ

ಬ್ಯಾಡಗಿಯಲ್ಲಿ ಬಸ್ಸಿಳಿದರೆ ಮೊದಲು ಸೀನು, ಆಮೇಲೆ ಮಾತು. ಹೋದ ತಿಂಗಳು ಸಂಬಂಧಿಕರ ಮನೆಯ ಬಸುರಿಯ ಕುಬಸಕ್ಕೆ ಹೋಗಿದ್ದೆ. ನಿಲ್ದಾಣದಿಂದ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಮೆಣಸಿನಕಾಯಿಯ ಘಾಟು ಮೂಗಿಗೆ ಹತ್ತಿ ಒಂದರ ಹಿಂದೆ ಒಂದು ಏಳು ಸೀನು ಬಂದವು. ಜತೆಗಿದ್ದ ಸೊಸೆ, "ಅತ್ತಿ, ಗುಳಿಗಿ ಕೊಡ್ಲೇನು?" ಎಂದಳು. ಬೇಡ ಎಂದೆ. ಅವಳು ಒಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಯಾರದೋ ಮದುವೆಯ ವಿಡಿಯೋವನ್ನು ಫೋನಿನಿಂದ ಯಾರಿಗೋ ಕಳಿಸುತ್ತಿದ್ದಳು. ಬೆರಳು ಒತ್ತಿದಳು, ಹೋಯಿತು. ನಾವು ಮದುವೆಯನ್ನು ಬಟ್ಟೆಯ ಚೀಲದಲ್ಲಿ ಹೊಲಿದು, ಕೆಂಪು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸುತ್ತಿದ್ದೆವು ಎಂದರೆ ಅವಳು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಸಂಶಯದ ವಿಷಯದಲ್ಲಿ ನನ್ನನ್ನು ಮೀರಿಸುವ ಶಕ್ತಿ ಅವಳಿಗಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾವೇರಿ ಜಿಲ್ಲೆಯಾಗಿ ಹೆಚ್ಚು ದಿನ ಆಗಿರಲಿಲ್ಲ, ಹೊಸ ಹೊಸ ಆಫೀಸುಗಳ ಬೋರ್ಡು ಏಳುತ್ತಿದ್ದವು. ನಮ್ಮದೂ ಒಂದು ಬೋರ್ಡಿತ್ತು, ಮದುವೆ ವಿಡಿಯೋದ್ದು. ನಮ್ಮ ಮನೆಯವರು ಪ್ರಭಾಕರ ಕ್ಯಾಮೆರಾ ಹೊತ್ತುಕೊಂಡು ಊರೂರು ತಿರುಗುತ್ತಿದ್ದರು. ಚಿತ್ರ ತೆಗೆಯುವುದು ಅವರದು, ಕತ್ತರಿಸಿ ಜೋಡಿಸುವುದು ನನ್ನದು. ಕಂಪ್ಯೂಟರು ತಂದ ಮೊದಲ ವಾರ ಅವರು ಅದರ ಮುಂದೆ ಕುಳಿತು ತಲೆ ಕೆರೆದುಕೊಂಡರು, ಎರಡನೆಯ ವಾರದಿಂದ ನಾನು ಕುಳಿತೆ. ಹೆಂಗಸು ಕಂಪ್ಯೂಟರಿನಲ್ಲಿ ಮದುವೆ ಕತ್ತರಿಸುತ್ತಾಳೆ ಎಂದು ನೋಡಲಿಕ್ಕೇ ಬರುವವರಿದ್ದರು. ಬಂದವರ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ನಾನೂ ನೋಡುತ್ತಿದ್ದೆ.

ನಮ್ಮ ಕಂಪ್ಯೂಟರಿಗೆ ಒಂದು ಕೊರತೆ ಇತ್ತು. ಕ್ಯಾಮೆರಾದ ಕ್ಯಾಸೆಟ್ಟಿನಿಂದ ಚಿತ್ರವನ್ನು ಒಳಗೆ ಎಳೆದುಕೊಳ್ಳುತ್ತಿತ್ತು, ಕತ್ತರಿಸಲಿಕ್ಕೂ ಬಿಡುತ್ತಿತ್ತು. ಮುಗಿದ ಮೇಲೆ ಮತ್ತೆ ಕ್ಯಾಸೆಟ್ಟಿಗೆ ಇಳಿಸಲು ಹೋದರೆ ಮಾತ್ರ ತಡವರಿಸುತ್ತಿತ್ತು, ಮದುಮಗ ಮಾಲೆ ಎತ್ತಿದವನು ಎತ್ತಿದ ಹಾಗೇ ನಿಂತುಬಿಡುತ್ತಿದ್ದ. ಅದು ಸರಿಯಾಗಿ ಆಗುವ ದೊಡ್ಡ ಯಂತ್ರ ಇದ್ದದ್ದು ರಾಣೆಬೆನ್ನೂರಿನ ಶಿವಾನಂದನ ಅಂಗಡಿಯಲ್ಲಿ. ಅವನು ಹೆಸರು, ಹೂವಿನ ಚೌಕಟ್ಟು, ಹಾಡು ಎಲ್ಲ ಸೇರಿಸಿ ಕ್ಯಾಸೆಟ್ಟು ಮಾಡಿ ಕೊಡುತ್ತಿದ್ದ. ಹಾಗಾಗಿ ಪ್ರತಿ ಮದುವೆಯೂ ಹಾವೇರಿಯಿಂದ ರಾಣೆಬೆನ್ನೂರಿಗೆ ಒಮ್ಮೆ ಪ್ರಯಾಣ ಮಾಡಲೇಬೇಕು. ಮಾಡುವುದು ಹೇಗೆ? ಸಿಡಿ ಬರೆಯುವ ಯಂತ್ರ ನಮ್ಮಿಬ್ಬರ ಹತ್ತಿರವೂ ಇರಲಿಲ್ಲ. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಚಿತ್ರ ತುಂಬಿದ ಹಾರ್ಡ್ ಡಿಸ್ಕನ್ನೇ ಹೊರಗೆ ತೆಗೆದು ಕಳಿಸುತ್ತಿದ್ದೆವು. ಯಾವ ತುಣುಕಿನ ನಂತರ ಯಾವ ತುಣುಕು, ಎಲ್ಲಿ ಕತ್ತರಿಸಬೇಕು ಎಂಬ ಪಟ್ಟಿ ಮಾತ್ರ ಸಣ್ಣದು, ಅದೊಂದು ಫ್ಲಾಪಿಯಲ್ಲಿ ಹಿಡಿಯುತ್ತಿತ್ತು. ಡಿಸ್ಕು ಮತ್ತು ಫ್ಲಾಪಿ ಎರಡೂ ಕೂಡಿದರೆ ಮದುವೆ.

ಡಿಸ್ಕನ್ನು ಹಳೆಯ ಪತ್ತಲದ ತುಂಡಿನಲ್ಲಿ ಎರಡು ಸುತ್ತು ಸುತ್ತಿ, ದಪ್ಪ ಬಟ್ಟೆಯ ಚೀಲದಲ್ಲಿಟ್ಟು ಬಾಯಿ ಹೊಲಿಯುತ್ತಿದ್ದೆ. ಹದಿನೇಳು ಹೊಲಿಗೆ, ಕೊನೆಯದು ಅಡ್ಡ. ನಿಲ್ದಾಣಕ್ಕೆ ಹೋಗಿ ಗುರುತಿನ ಕಂಡಕ್ಟರನ ಕೈಗೆ ಕೊಟ್ಟು, ಬಸ್ಸಿನ ನಂಬರು ಬರೆದುಕೊಂಡು, ಶಿವಾನಂದನಿಗೆ ಫೋನು ಮಾಡಿ ಹೇಳುವುದು. ಅವನು ನಿಲ್ದಾಣದಲ್ಲಿ ನಿಂತು ಇಳಿಸಿಕೊಳ್ಳುವುದು. ಇಳಿಸಿಕೊಂಡ ಕೂಡಲೇ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಎಷ್ಟು ಹೊಲಿಗೆ ಎಂದು. ಅವನು ಎಣಿಸಿ ಹೇಳುತ್ತಿದ್ದ, ಪಾಪ. ನಮ್ಮವ್ವ ಹಾಲಿನವನ ಅಳತೆಯನ್ನು ಮೂರು ಸಲ ಅಳೆಸುತ್ತಿದ್ದವಳು. ನಾನು ಅವಳ ಮಗಳು.

ಆ ವರ್ಷ ಮಾಘ ಮಾಸದಲ್ಲಿ ಮದುವೆಯೋ ಮದುವೆ. ಒಂದು ದಿನ ಮಧ್ಯಾಹ್ನ ಪಕ್ಕದ ಹೊಲಿಗೆ ಅಂಗಡಿಯಾಕೆ ಬಂದು ಕುಳಿತು, ರಾಣೆಬೆನ್ನೂರಿನಲ್ಲಿ ಅವರ ಪೈಕಿಯವರ ಮದುವೆಯ ಕ್ಯಾಸೆಟ್ಟು ನೋಡಿದೆ ಎಂದಳು. "ಭಾಳ ಛಲೋ ಮಾಡ್ಯಾರ ನೋಡ್ರಿ ಸುಶೀಲಕ್ಕ. ಶುರುವಿನ್ಯಾಗ ಮೆಣಸಿನಕಾಯಿ ಕಣಾ ತೋರಸ್ತಾರ, ಮ್ಯಾಲಿಂದ, ಕೆಂಪಗ ಹಾಸಿಗಿ ಹಾಸಿದಂಗ. ಕ್ಯಾಸೆಟ್ಟ್ ಮಾಡಿದವ್ರು ಯಾರೋ ಶಿವಾನಂದಂತ."

ನನ್ನ ಕೈಯಲ್ಲಿದ್ದ ಚಹದ ಬಸಿ ಅಲ್ಲೇ ನಿಂತಿತು. ಆ ಚಿತ್ರ ನಮ್ಮದು. ಬ್ಯಾಡಗಿಯಲ್ಲಿ ನಮ್ಮ ಮನೆಯವರು ಲಾರಿಯ ಮೇಲೆ ಹತ್ತಿ ನಿಂತು, ಸೀನು ತಡೆದುಕೊಂಡು ತೆಗೆದದ್ದು. ನಮ್ಮ ಡಿಸ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅದು ಶಿವಾನಂದನ ಕ್ಯಾಸೆಟ್ಟಿಗೆ ಕಾಲು ಮೂಡಿ ನಡೆದು ಹೋಯಿತೇನು? ನಮ್ಮ ಡಿಸ್ಕು ಅವನ ಹತ್ತಿರ ಎರಡು ಮೂರು ದಿನ ಇರುತ್ತದೆ. ಏನೇನು ನಕಲು ಮಾಡಿಕೊಳ್ಳುತ್ತಾನೋ ಯಾರಿಗೆ ಗೊತ್ತು. ಇವತ್ತು ಚಿತ್ರ, ನಾಳೆ ಗಿರಾಕಿ. ಸಂಜೆ ಅವನಿಗೆ ಫೋನು ಮಾಡಿ, ನೇರವಾಗಿ ಕೇಳದೆ, ಈಚೆಗೆ ಕ್ಯಾಸೆಟ್ಟಿನ ಶುರುವಿಗೆ ಏನೇನು ಹಾಕುತ್ತೀ ಎಂದು ಸುತ್ತು ಬಳಸಿ ಕೇಳಿದೆ. ಅವನು ಸ್ವಲ್ಪ ತಡೆದು, "ಏನರ ಇದ್ದದ್ದ ಹಾಕ್ತೀನ್ರಿ ಅಕ್ಕಾರ," ಎಂದ. ಆ ತಡೆದದ್ದೇ ನನಗೆ ಸಾಕ್ಷಿಯಾಯಿತು. ಮನೆಯವರಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾರೆ, ಅವರಿಗೆ ಎಲ್ಲರೂ ಒಳ್ಳೆಯವರೇ.

ಅದೇ ವಾರ ಬ್ಯಾಡಗಿಯಲ್ಲಿ ಗಂಗವ್ವನ ಮಗಳು ರತ್ನಾಳ ಮದುವೆ. ಗಂಗವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಾಕೆ. ಗಂಡ ತೀರಿ ಹೋಗಿ ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳು. ಓಣಿಯವರು ಮುಂದೆ ನಿಂತು ಮನೆಯ ಮುಂದೆಯೇ ಚಪ್ಪರ ಹಾಕಿಸಿದ್ದರು. ಮನೆಯವರ ಜತೆ ನಾನೂ ಹೋಗಿದ್ದೆ. ನಾನು ಒಳಗೆ ಕಾಲಿಟ್ಟ ಕೂಡಲೇ ಗಂಗವ್ವ ನನ್ನ ಮುಂಗೈ ಹಿಡಿದುಕೊಂಡು ಕಾಳು ಕಡಿ ಇಡುವ ಕೋಣೆಗೆ ಕರೆದುಕೊಂಡು ಹೋದಳು. ಖಾರ ಹತ್ತಿ ಹತ್ತಿ ಅವಳ ಬೆರಳ ತುದಿಗಳು ಬಿರಿದಿದ್ದವು.

"ಯವ್ವಾ, ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ನಾ ಇಲ್ಲೇ ಇರಾಕಿ," ಎಂದಳು. "ನನ್ನಂಥಾಕಿ ಮುಂದ ಬರೂ ಹಂಗಿಲ್ಲ, ನಿನಗ ಗೊತ್ತೈತಿ. ಒಂದ ಮಗಳು. ಆಕಿ ತಲಿ ಮ್ಯಾಲ ಅಕ್ಕಿಕಾಳು ಬೀಳೂದು ನಾ ನೋಡಬೇಕು. ನೀವು ಛಲೋತ್ನಂಗ ತಗೀರಿ. ಆಮ್ಯಾಲ ಟೀವ್ಯಾಗ ನೋಡ್ತೇನಿ."

ನೋಡುವಿಯಂತೆ ಎಂದು ಮಾತು ಕೊಟ್ಟೆ. ಹತ್ತು ದಿನ ಬಿಟ್ಟು ರತ್ನಾ ಮೊದಲ ಸಲ ತವರಿಗೆ ಬರುವವಳು, ಅಷ್ಟರೊಳಗೆ ಕ್ಯಾಸೆಟ್ಟು ಮನೆಯಲ್ಲಿರಬೇಕು, ತಾಯಿ ಮಗಳು ಕೂಡಿ ನೋಡಬೇಕು. ಮುಹೂರ್ತಕ್ಕೆ ಬ್ಯಾಂಡು ಜೋರಾಯಿತು. ಚಪ್ಪರದಲ್ಲಿದ್ದವರೆಲ್ಲ ಮದುಮಕ್ಕಳ ಮೇಲೆ ಅಕ್ಷತೆಯ ಅಕ್ಕಿಕಾಳು ಹಾಕಿದರು. ನಾನೂ ಹಾಕಿದೆ. ಗಂಗವ್ವ ಆ ಕೋಣೆಯಲ್ಲಿದ್ದಳು.

ಮರುದಿನ ಅಗಡಿಯಲ್ಲಿ ಇನ್ನೊಂದು ಮದುವೆ. ಸುಗ್ಗಿಯ ಹಾಗೆ ಮದುವೆ ಬಂದಾಗ ಕ್ಯಾಮೆರಾದ ಕ್ಯಾಸೆಟ್ಟುಗಳು ಸಾಲುತ್ತಿರಲಿಲ್ಲ. ಒಂದು ಮದುವೆಯನ್ನು ಕಂಪ್ಯೂಟರಿಗೆ ಎಳೆದುಕೊಂಡ ಕೂಡಲೇ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆ. ಹಾಗೆ ರತ್ನಾಳ ಮದುವೆಯ ಮೇಲೆ ಅಗಡಿಯ ಮದುವೆ ಕುಳಿತಿತು. ಇನ್ನು ರತ್ನಾಳ ಮದುವೆ ಈ ಲೋಕದಲ್ಲಿ ಇದ್ದದ್ದು ಒಂದೇ ಕಡೆ, ನಮ್ಮ ಡಿಸ್ಕಿನಲ್ಲಿ.

ಎರಡು ದಿನ ಕುಳಿತು ಮದುವೆಯನ್ನು ಚೊಕ್ಕ ಮಾಡಿದೆ. ಪಟ್ಟಿಯನ್ನು ಫ್ಲಾಪಿಗೆ ಹಾಕಿದೆ. ಡಿಸ್ಕು ಬಿಚ್ಚುವ ಮುಂಚೆ ನನ್ನ ಬುದ್ಧಿ ಓಡಿತು. ತುಣುಕುಗಳಿಗೆಲ್ಲ ನಾನು ಹೆಸರಿಟ್ಟಿದ್ದೆ: ಅರಿಶಿನ, ಸುರಗಿ, ಅಕ್ಕಿಕಾಳು, ಸೋದರಮಾವ, ಊಟದ ಪಂಕ್ತಿ. ಹೆಸರಿದ್ದರೆ ತಾನೆ ಕಳ್ಳನಿಗೆ ಹುಡುಕುವುದು ಸುಲಭ? ಹೆಸರು ಅಳಿಸಿ ಬರೀ ನಂಬರು ಹಾಕಿದೆ. ಅದೂ ಸಾಲಾಗಿ ಅಲ್ಲ. ಅರಿಶಿನಕ್ಕೆ ಐವತ್ತಾರು, ಊಟದ ಪಂಕ್ತಿಗೆ ಎರಡು, ಹೀಗೆ ಕಲಸಿ ಹಾಕಿದೆ. ಯಾವ ನಂಬರು ಯಾವುದು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದು, ಆ ಬುಕ್ಕನ್ನು ಟ್ರಂಕಿನ ತಳಕ್ಕೆ ಸೇರಿಸಿದೆ. ಈಗ ಕದಿಯಲಿ ನೋಡೋಣ ಎಂದುಕೊಂಡು ಹದಿನೇಳು ಹೊಲಿಗೆ ಹಾಕಿದೆ. ಆ ದಿನದ ನನ್ನ ಜಾಣತನವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆ ಶಿವಾನಂದನ ಫೋನು ಬಂತು.

"ಅಕ್ಕಾರ, ಪಟ್ಟಿ ತೆರದೇನ್ರಿ. ಒಂದೂ ಚಿತ್ರ ಬರವಲ್ವು. ಎಲ್ಲಾ ಖಾಲಿ ಅದಾವು."

"ಖಾಲಿ ಅಂದ್ರ?"

"ಕರ್ರಗ ಬರತಾವ್ರಿ. ಮದುವಿನ ಇಲ್ಲ."

ಮೊದಲು ಗಂಗವ್ವನ ಮುಖ ಕಂಡಿತು. ಅದರ ಹಿಂದೆಯೇ ಸಿಟ್ಟು ಬಂತು. ನಂಬರು ಹಾಕಿದ್ದು ನೋಡಿ, ಕದಿಯಲು ಆಗದೆ, ಹೊಟ್ಟೆಕಿಚ್ಚಿಗೆ ಅಳಿಸಿದ್ದಾನೆ. ಇನ್ನೇನು? ನಮ್ಮ ಹೆಸರು ಕೆಡಬೇಕು, ನಮ್ಮ ಮದುವೆ ಹಾಳಾಗಬೇಕು, ಬ್ಯಾಡಗಿಯವರೆಲ್ಲ ಅವನ ಬಾಗಿಲಿಗೆ ಹೋಗಬೇಕು. ಬಸ್ಸಿನಲ್ಲಿ ರಾಣೆಬೆನ್ನೂರು ಮುಟ್ಟುವುದರೊಳಗೆ ಇದೆಲ್ಲ ನನ್ನ ಮನಸ್ಸಿನಲ್ಲಿ ಕಣ್ಣಾರೆ ಕಂಡಷ್ಟೇ ಖಚಿತವಾಗಿ ಕುಳಿತಿತ್ತು. ನಿಲ್ದಾಣದಿಂದ ಅವನ ಅಂಗಡಿಗೆ ಆಟೋ ಮಾಡಲಿಲ್ಲ, ಬಿರಬಿರನೆ ನಡೆದೆ.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಯಾವುದೋ ಹಳ್ಳಿಯ ಹಿರಿಯ, ಜತೆಗೆ ಅವನ ಅಳಿಯ. ಹಿರಿಯನ ಕೈಯಲ್ಲಿ ಮಗನ ಲಗ್ನಪತ್ರಿಕೆಗಳ ಕಟ್ಟು. ಶಿವಾನಂದ ನನ್ನನ್ನು ನೋಡಿ ಎದ್ದ. ಮೂವತ್ತು ದಾಟಿರದ, ಮೃದು ಮಾತಿನ ಮನುಷ್ಯ. ಅವನ ಮೃದು ಮಾತೇ ನನಗೆ ಮೊದಲಿನಿಂದ ಹಿಡಿಸುತ್ತಿರಲಿಲ್ಲ.

"ಬರ್ರಿ ಅಕ್ಕಾರ, ಕುಂದ್ರಿ. ನೀರು ತಗೋರಿ."

"ನೀರು ಬ್ಯಾಡ. ನಮ್ಮ ಡಿಸ್ಕಿಗೆ ಏನ್ ಮಾಡೀದಿ, ಅದನ್ ಹೇಳು."

"ನಾ ಏನ್ ಮಾಡ್ಲಿ..."

"ಮೊದಲ ನಮ್ಮ ಕಣದ ಚಿತ್ರ ಕದ್ದಿ. ಈಗ ಇಡೀ ಮದುವಿ ಅಳಿಸೀದಿ. ನಿನ್ನ ನಂಬಿ ಕಳಿಸಿದ್ದಕ್ಕ ಕಳ್ಳತನ ಮಾಡಿದಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿರಿಯ ಅಳಿಯನ ಮುಖ ನೋಡಿದ. ಪತ್ರಿಕೆಗಳ ಕಟ್ಟನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, "ಆಮ್ಯಾಲ ಬರ್ತೇವ್ ತಗೋರಿ," ಎಂದು ಇಬ್ಬರೂ ಎದ್ದು ಹೋದರು. ಶಿವಾನಂದ ಅವರನ್ನು ತಡೆಯಲಿಲ್ಲ. ಬಾಗಿಲವರೆಗೆ ಅವರನ್ನು ನೋಡಿ, ಆಮೇಲೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ.

"ನೀವ ನೋಡ್ರಿ. ಡಿಸ್ಕಿನ ತುಂಬ ಸಾಮಾನೈತಿ, ಏನೂ ಅಳಸಿಲ್ಲ. ಆದ್ರ ಪಟ್ಟಿ ಹೆಸರು ಹಿಡದು ಕೇಳತೈತಿ. ಅಕ್ಕಿಕಾಳು ಎಲ್ಲಿ ಅಂತೈತಿ, ಅರಿಶಿಣ ಎಲ್ಲಿ ಅಂತೈತಿ. ಡಿಸ್ಕಿನ್ಯಾಗ ಆ ಹೆಸರಿನಾವು ಯಾವೂ ಇಲ್ಲ. ಬರೇ ನಂಬರ ಅದಾವು. ಸಿಗಲಿಲ್ಲಂದ್ರ ಅದು ಕರ್ರಗ ತೋರಸ್ತೈತಿ."

ಪರದೆಯ ಮೇಲೆ ನನ್ನ ನಂಬರುಗಳು ಸಾಲಾಗಿ ನಿಂತಿದ್ದವು. ಒಂದು ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು. ಫ್ಲಾಪಿಯಲ್ಲಿ ಇದ್ದದ್ದು ಚಿತ್ರವಲ್ಲ, ಬರೀ ಹೆಸರು. ಡಿಸ್ಕಿನಲ್ಲಿ ಆ ಹೆಸರುಗಳನ್ನು ಅಳಿಸಿದವಳು ನಾನು. ಕುಂಬಳಕಾಯಿ ನನ್ನ ಹೆಗಲ ಮೇಲೇ ಇತ್ತು.

"ಯಾರ್ ಬದಲಿ ಮಾಡ್ಯಾರ್ರಿ ಇವನ್ನ?" ಎಂದು ಕೇಳಿದ.

ಆಗ ಹೇಳಬಹುದಿತ್ತು. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗಿರಾಕಿಯ ಮುಂದೆ ಕಳ್ಳ ಎಂದು ಕೂಗಿ ಐದು ನಿಮಿಷ ಆಗಿರಲಿಲ್ಲ.

"ನನಗೇನ್ ಗೊತ್ತು," ಎಂದೆ. "ಡಿಸ್ಕ್ ನಿನ್ನ ಕಡೆ ಐತಿ. ಕೊಡಿಲ್ಲಿ, ನಾ ನೋಡ್ಕೋತೇನಿ."

ಡಿಸ್ಕು ಕೈಗೆ ಸಿಕ್ಕರೆ ಮನೆಗೆ ಒಯ್ದು, ಬುಕ್ಕು ನೋಡಿ ಹೆಸರು ತಿರುಗಿ ಇಟ್ಟು, ಯಾರಿಗೂ ತಿಳಿಯದ ಹಾಗೆ ಮುಗಿಸಿಬಿಡುವುದು ನನ್ನ ಲೆಕ್ಕ. ಶಿವಾನಂದ ಡಿಸ್ಕಿನ ಮೇಲೆ ಕೈಯಿಟ್ಟ.

"ಕೊಡೂದಿಲ್ರಿ," ಎಂದ. "ಈಗ ಒಯ್ದ್ರಿ ಅಂದ್ರ ನಾಳೆ ಇನ್ನೊಂದ್ ಇಲ್ಲ ಅಂತೀರಿ. ನಾಕು ಮಂದಿ ಮುಂದ ಕಳ್ಳ ಅಂದೀರಿ. ನಾಕು ಮಂದಿ ಮುಂದ ಒಪ್ಪಿಸ್ತೇನಿ. ಗಂಗವ್ವನ ಕ್ಯಾಸೆಟ್ಟು ನಾ ಮಾಡ್ತೇನಿ, ಯಾಳೇಕ್ಕ ಕೊಡ್ತೇನಿ."

ಬರಿಗೈಯಲ್ಲಿ ಬಂದೆ. ಆ ಮೂರು ದಿನ ನನಗೆ ಅನ್ನ ಸೇರಲಿಲ್ಲ. ನೂರಾರು ತುಣುಕು. ಬ್ಯಾಡಗಿಯ ಜನ ಯಾರು ಯಾರೆಂದು ಅವನಿಗೇನು ಗೊತ್ತು? ಮದುಮಗಳ ಸೋದರಮಾವನನ್ನು ಅಡುಗೆಯವನೆಂದು ತಿಳಿಯುತ್ತಾನೆ, ಹಿಂದಿನ ದಿನದ ಅರಿಶಿನವನ್ನು ಮುಹೂರ್ತದ ನಂತರ ಸೇರಿಸುತ್ತಾನೆ. ದಿನ ತುಂಬುತ್ತ ಬಂದಿತ್ತು. ಟ್ರಂಕಿನ ತಳದಲ್ಲಿದ್ದ ಬುಕ್ಕನ್ನು ಒಂದು ಸಲ ಕಳಿಸಿದರೆ ಸಾಕು, ಅರ್ಧ ದಿನದ ಕೆಲಸ. ದಿನಕ್ಕೆ ನಾಲ್ಕು ಸಲ ಟ್ರಂಕು ತೆಗೆದು ಬುಕ್ಕನ್ನು ನೋಡಿ ಮತ್ತೆ ಮುಚ್ಚುತ್ತಿದ್ದೆ. ಅವನಿಗೆ ಗೊತ್ತಾಗಿದೆಯೋ ಏನೋ, ಗೊತ್ತಾಗಿಯೂ ಸುಮ್ಮನಿದ್ದು ನನ್ನನ್ನು ಆಡಿಸುತ್ತಿದ್ದಾನೋ ಏನೋ ಎಂಬ ಹೊಸ ಸಂಶಯ ಬೇರೆ. ನಾಚಿಕೆಯೂ ಸಂಶಯವೂ ಒಂದೇ ಒಲೆಯ ಮೇಲೆ ಬೇಯುತ್ತಿದ್ದವು.

ಮೂರನೆಯ ದಿನ ಊಟಕ್ಕೆ ಕುಳಿತಾಗ ತಡೆಯಲಾರದೆ ಮನೆಯವರ ಮುಂದೆ ಕಣದ ಚಿತ್ರದ ಮಾತು ತೆಗೆದೆ. ಶಿವಾನಂದ ಕದ್ದಿದ್ದಾನೆ ಎಂದೆ.

"ಕದಿಯೂದೇನ್ ಬಂತು?" ಎಂದರು ರೊಟ್ಟಿ ಮುರಿಯುತ್ತ. "ನಾನ ಕೊಟ್ಟೇನಿ. ಅವರ ಪೈಕಿ ಮದುವಿಗೆ ಬೇಕಂದ, ಕೊಟ್ಟೆ."

"ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೂರಾಎಂಟ್ ಪ್ರಶ್ನೆ ಕೇಳ್ತಿದ್ದಿ. ಅವಂಗೂ ನಾನ ಹೇಳೇನಿ, ಸುಶೀಲಾ ಕೇಳಿದ್ರ ಹೆಸರು ಎತ್ತಬ್ಯಾಡ ಅಂತ."

ಫೋನಿನಲ್ಲಿ ಅವನು ತಡೆದದ್ದು ಅದಕ್ಕೆ. ನಮ್ಮ ಮನೆಯ ಮಾನ ಕಾಯಲು ತಡೆದವನನ್ನು ನಾನು ಕಳ್ಳ ಎಂದಿದ್ದೆ. ನನಗೆ ಅಲ್ಲೇ ಅಳು ಬರಬೇಕಿತ್ತು. ಅಷ್ಟರಲ್ಲಿ ಮನೆಯವರು, "ಅಂದ್ಹಂಗ ಶಿವಾನಂದ ನಾಳೆ ಮುಂಜಾನೆ ಬ್ಯಾಡಗಿಗೆ ಹೊಂಟಾನಂತ, ಕಂಡಕ್ಟರ್ ಹೇಳಿದ," ಎಂದರು. ನೋಡಿ ನನ್ನ ಮನಸ್ಸಿನ ಹಣೆಬರಹ, ಅಳು ಅಲ್ಲೇ ನಿಂತಿತು. ಬ್ಯಾಡಗಿಗೆ ಯಾಕೆ? ನಮ್ಮನ್ನು ಬಿಟ್ಟು ನೇರವಾಗಿ ಗಂಗವ್ವನ ಹತ್ತಿರ ಯಾಕೆ? ಸುಶೀಲಕ್ಕ ನಿಮ್ಮ ಮದುವೆ ಹಾಳು ಮಾಡಿದ್ದಾಳೆ ಎಂದು ಓಣಿಗೆಲ್ಲ ಸಾರಲಿಕ್ಕೆ?

ಮರುದಿನ ಮೊದಲ ಬಸ್ಸು ಹಿಡಿದೆ. ಹೊರಡುವಾಗ ನೋಟುಬುಕ್ಕನ್ನು ಚೀಲಕ್ಕೆ ಹಾಕಿಕೊಂಡೆ. ಕೊಡಲಿಕ್ಕೆ ಒಯ್ದೆನೋ, ಅವನ ಕೈಗೆ ಸಿಗದಿರಲಿ ಎಂದು ಒಯ್ದೆನೋ, ಇವತ್ತಿಗೂ ಖಾತ್ರಿಯಾಗಿ ಹೇಳಲಾರೆ.

ಗಂಗವ್ವನ ಓಣಿಯಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಅಂದು ಅರ್ಧಕ್ಕೇ ಎದ್ದು ಹೋಗಿದ್ದರು. ಪಕ್ಕದ ಮನೆಯ ಫಕೀರವ್ವನ ಪಡಸಾಲೆಯಿಂದ ಬ್ಯಾಂಡಿನ ಸದ್ದು ಬರುತ್ತಿತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಇಣುಕಿದೆ. ಶಿವಾನಂದ ತನ್ನ ವಿಸಿಆರನ್ನು ಚಾದರದಲ್ಲಿ ಕಟ್ಟಿಕೊಂಡು ಬಂದು ಫಕೀರವ್ವನ ಟೀವಿಗೆ ಜೋಡಿಸಿದ್ದ. ಡಿಸ್ಕಿನಲ್ಲಿದ್ದ ಎಲ್ಲ ತುಣುಕುಗಳನ್ನೂ ನಂಬರಿನ ಪ್ರಕಾರ ಕ್ಯಾಸೆಟ್ಟಿಗೆ ಇಳಿಸಿದ್ದ, ಪ್ರತಿ ತುಣುಕಿನ ಮೂಲೆಯಲ್ಲೂ ಅದರ ನಂಬರು ಕಾಣುತ್ತಿತ್ತು. ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಒಂದೊಂದನ್ನೂ ನಿಲ್ಲಿಸಿ ಕೇಳುತ್ತಿದ್ದ.

"ಇವರ್ಯಾರ್ರಿ, ತಲಿಗೆ ಪಟಕಾ ಸುತ್ತಿದವರು?"

"ನಮ್ಮ ರತ್ನಾನ ಸ್ವಾದರಮಾವ," ಎಂದಳು ಗಂಗವ್ವ.

"ಇದು ಮುಹೂರ್ತಕ್ಕಿಂತ ಮೊದಲೋ, ಆಮ್ಯಾಲೋ?"

ಮದುವೆ ಹಿಂದು ಮುಂದಾಗಿ ಓಡುತ್ತಿತ್ತು. ರತ್ನಾ ಅತ್ತು ಗಂಡನ ಮನೆಗೆ ಹೋದವಳು ಮರುಕ್ಷಣ ಅರಿಶಿನ ಹಚ್ಚಿಸಿಕೊಳ್ಳುತ್ತ ನಗುತ್ತಿದ್ದಳು. ಉಂಡು ಕೈ ತೊಳೆದವರು ಮತ್ತೆ ಎಲೆಯ ಮುಂದೆ ಕುಳಿತರು. ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ನನ್ನ ವಿಷಯ ಅಲ್ಲಿ ಯಾರೂ ಆಡುತ್ತಿರಲಿಲ್ಲ. ನನ್ನ ಬುಕ್ಕಿನಲ್ಲಿ ಬರೆದಿಟ್ಟಿದ್ದ ಉತ್ತರಗಳನ್ನು ಅವನು ಮನೆ ಬಾಗಿಲಿಗೆ ಬಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಿದ್ದ, ಅಷ್ಟೇ.

ನನ್ನನ್ನು ನೋಡಿ ಎದ್ದು ನಿಂತ. "ಬರ್ರಿ ಅಕ್ಕಾರ, ಕುಂದ್ರಿ," ಎಂದ. ಅಂಗಡಿಯಲ್ಲಿ ಎಂದ ಹಾಗೆಯೇ.

ನಾನು ಕುಳಿತುಕೊಳ್ಳಲಿಲ್ಲ. ಚೀಲದಿಂದ ಬುಕ್ಕು ತೆಗೆದು ಅವನ ಮುಂದೆ ಹಿಡಿದೆ. "ಹೆಸರು ಬದಲಿ ಮಾಡಿದಾಕಿ ನಾನ, ಶಿವಾನಂದ," ಎಂದೆ, ಪಡಸಾಲೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ. "ನೀ ಕದೀತೀ ಅಂತ ಸಂಶೇ ಬಂತು, ಅದಕ್ಕ ಮಾಡಿದೆ. ಅವತ್ತ ನಿನ್ನ ಅಂಗಡ್ಯಾಗ ನಂಬರ ನೋಡಿದ ಕೂಡ್ಲೇ ತಿಳೀತು. ತಿಳದೂ ಸುಳ್ಳ ಹೇಳಿದೆ."

ನಗು ನಿಂತಿತು. ಶಿವಾನಂದ ಬುಕ್ಕನ್ನೂ ನನ್ನನ್ನೂ ನೋಡಿದ. ಆಮೇಲೆ, "ನಾಕು ಮಂದಿ ಮುಂದ ಕಳ್ಳ ಅಂದಿದ್ರಿ, ನಾಕು ಮಂದಿ ಮುಂದ ಹೇಳಿದ್ರಿ," ಎಂದ. ಮುಗಿಯಿತು ಎನ್ನಲಿಲ್ಲ. ಮುಗಿದಿರಲೂ ಇಲ್ಲ. ಪತ್ರಿಕೆಯ ಕಟ್ಟು ಹಿಡಿದು ಎದ್ದು ಹೋದ ಆ ಹಿರಿಯ ಅವನ ಅಂಗಡಿಗೆ ಮತ್ತೆ ಬರಲೇ ಇಲ್ಲವಂತೆ. ಅವರ ಊರು ಹುಡುಕಿಕೊಂಡು ಹೋಗಿ ನಿಜ ಹೇಳುವಷ್ಟು ಧೈರ್ಯ ನನಗೆ ಬರಲಿಲ್ಲ. ಅದೊಂದು ಪಾಪ ನನ್ನ ಮೇಲೆ ಇದೆ.

"ಬುಕ್ಕ್ ನಿಮ್ಮ ಕೈಯಾಗ ಇರ್ಲಿ, ನೀವ ಓದ್ರಿ, ನಾ ಬರಕೋತೇನಿ," ಎಂದು ಶಿವಾನಂದ ಕ್ಯಾಸೆಟ್ಟು ಮತ್ತೆ ಬಿಟ್ಟ. ನಾನು ಪಕ್ಕದಲ್ಲಿ ಕುಳಿತೆ. ಪರದೆಯ ಮೂಲೆಯಲ್ಲಿ ಅರವತ್ತೊಂದು ಬಂತು. "ಬೀಗರ ಉಡುಗೊರೆ," ಎಂದು ಓದಿದೆ. ಅರವತ್ತೆರಡು. "ಅಕ್ಕಿಕಾಳು," ಎಂದೆ. ಗಂಗವ್ವ ಮುಂದೆ ಸರಿದು ಟೀವಿಯ ಹತ್ತಿರಕ್ಕೇ ಹೋಗಿ ಕುಳಿತಳು. ಬ್ಯಾಂಡು ಜೋರಾಯಿತು, ಎಲ್ಲ ಕೈಗಳೂ ಮೇಲೆದ್ದವು, ರತ್ನಾ ತಲೆ ಬಗ್ಗಿಸಿ ನಿಂತಿದ್ದಳು, ಅವಳ ತಲೆಯ ಹೂದಂಡೆಯ ಮೇಲೆ ಅಕ್ಕಿ ಬಿತ್ತು. ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸದ್ಯ, ನೋಡಿದಳಲ್ಲ ಎಂದು ನನ್ನ ಜೀವ ಹಗುರಾಯಿತು.

ಅರವತ್ತಮೂರು ಬಂತು. ಜನರ ನೂಕಿನಲ್ಲಿ ಮನೆಯವರು ಜಾಗ ಬದಲಿಸುವಾಗ ಕ್ಯಾಮೆರಾ ಮನೆಯ ಒಳಗಡೆ ತಿರುಗಿದ ನಾಲ್ಕು ಸೆಕೆಂಡು. ಕೋಣೆಯ ಬಾಗಿಲು, ಒಳಗೆ ಅರೆಗತ್ತಲು. ಬಾಗಿಲ ಮರೆಯಲ್ಲಿ ಒಬ್ಬ ಹೆಂಗಸು. ಬ್ಯಾಂಡಿನ ಸದ್ದು ಕೇಳಿ, ಚಪ್ಪರ ಇರುವ ದಿಕ್ಕಿಗೆ ಮುಖ ಮಾಡಿ, ಬರೀ ಗೋಡೆಯ ಮೇಲೆ ಅಕ್ಕಿಕಾಳು ಹಾಕುತ್ತಿದ್ದಳು.

"ಯವ್ವಾ, ಅದು ನಾನ," ಎಂದಳು ಗಂಗವ್ವ.

ಫಕೀರವ್ವ ದನಿ ತಗ್ಗಿಸಿ, "ಅದನ್ನ ತಗಸ್ರಿ, ಛಲೋ ಅಲ್ಲ," ಎಂದಳು. ಶಿವಾನಂದ ಚಿತ್ರ ನಿಲ್ಲಿಸಿ ನನ್ನ ಕಡೆ ನೋಡಿದ, ಬರೆದುಕೊಳ್ಳಲು. ನಾನು ಬುಕ್ಕಿನ ಆ ಸಾಲನ್ನು ನೋಡುತ್ತ ಕುಳಿತುಬಿಟ್ಟೆ. ಗಂಡ ಇಲ್ಲದವರು ಮುಹೂರ್ತದ ಹೊತ್ತಿಗೆ ಚಿತ್ರದಲ್ಲಿ ಸಿಕ್ಕರೆ ಕತ್ತರಿಸಿ ತೆಗೆಯುವುದು ನಮ್ಮ ಕೆಲಸದ ರೂಢಿ. ಯಾರೂ ಹೇಳಬೇಕಾಗಿರಲಿಲ್ಲ, ನಾವೂ ಯಾರನ್ನೂ ಕೇಳುತ್ತಿರಲಿಲ್ಲ. ಎರಡನೆಯ ಯೋಚನೆ ಮಾಡದೆ ತೆಗೆದಿದ್ದೆ, ಬುಕ್ಕಿನಲ್ಲೂ ಹಾಗೇ ಬರೆದಿದ್ದೆ.

"ನಿನ್ನ ಬುಕ್ಕಿನ್ಯಾಗ ಇದಕ್ಕ ಏನ್ ಬರದೈತಿ?" ಎಂದು ಕೇಳಿದಳು ಗಂಗವ್ವ.

ಅವಳಿಗೆ ಓದಲು ಬರುತ್ತಿರಲಿಲ್ಲ. ಏನು ಹೇಳಿದ್ದರೂ ನಡೆಯುತ್ತಿತ್ತು.

"ಗಂಗವ್ವ. ಬಾಗಿಲು. ಬ್ಯಾಡ," ಎಂದು ಓದಿದೆ.

ಗಂಗವ್ವ ಟೀವಿಯಲ್ಲಿ ನಿಂತಿದ್ದ ತನ್ನ ಕೈಯನ್ನೇ ನೋಡುತ್ತಿದ್ದಳು. "ಬ್ಯಾಡ ಅಂದವ್ರ್ಯಾರು? ರತ್ನಾ ಅಂದ್ಳೇನು?"

ಅವಳ ದನಿಯಲ್ಲಿ ನನಗೆ ಗುರುತಿರುವ ವಿಷ ಇಳಿಯುತ್ತಿತ್ತು, ಅದೂ ಹೆತ್ತ ಮಗಳ ಮೇಲೆ.

"ಇಲ್ಲವಾ, ಆಕಿಗೆ ಗೊತ್ತ ಇಲ್ಲ. ಬೀಗರೂ ಅಂದಿಲ್ಲ. ಯಾರೂ ಅಂದಿಲ್ಲ. ನಾನ ತಗದೆ."

"ಆಕಿ ಅಂದಿಲ್ಲಲಾ?"

"ನನ್ನ ಮಕ್ಕಳ ಆಣಿ, ಅಂದಿಲ್ಲ."

"ಹಂಗಾರ ಹಾಕು," ಎಂದಳು.

"ಎಲ್ಲಿ ಹಾಕ್ಲಿ?"

"ಎಲ್ಲಾರೂ ಹಾಕೂ ಹೊತ್ತಿನ್ಯಾಗ ನಾನೂ ಹಾಕೇನಿ. ಅಲ್ಲೇ ಹಾಕು."

ನಾನು ಶಿವಾನಂದನ ಪೆನ್ನು ಇಸಿದುಕೊಂಡು ಆ ಸಾಲಿನ ಕೊನೆಯ ಮಾತಿನ ಮೇಲೆ ಗೀಟು ಎಳೆದೆ. ಗಂಗವ್ವ ಹತ್ತಿರ ಬಂದು ಕುಳಿತು, ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡಳು. ಗೀಟಿನ ಮೇಲೆ ಬಿರಿದ ಬೆರಳಿಟ್ಟು, ಬುಕ್ಕನ್ನು ಶಿವಾನಂದನ ಮುಂದೆ ಹಿಡಿದಳು.

"ತಮ್ಮಾ, ನೀ ನೋಡಿ ಹೇಳು," ಎಂದಳು. "ಈಕಿ ಆ ಬ್ಯಾಡ ಅನ್ನೂದನ್ನ ಖರೇನ ಹೊಡದ್ ಹಾಕ್ಯಾಳೇನು?"